ಇಲ್ಲಿನ ಹೋಟೆಲಿನಲ್ಲಿ ಬಡಿಸುವವರ ಬಗ್ಗೆ

ಅಪ್ಪ, ಅಮ್ಮ,

ಚೆನ್ನಾಗಿದ್ದೀರಾ? ಫೋನಿನಲ್ಲಿ ಎಲ್ಲ ಹೇಳೋಕೆ ಆಗಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತಮ್ಮನಿಗೂ ಓದಲು ಕೊಡಿ. ಈಗ ನಮ್ಮ ಹೋಟೆಲಿನ ಗಲ್ಲಾದ ಮೇಲೆ ಕೂರುವವನು ಅವನೇ ಅಲ್ವಾ, ಅವನಿಗೆ ಹೇಳಬೇಕಾದದ್ದು ಇದರಲ್ಲಿದೆ.

ಅಮ್ಮ, ಮೊದಲು ನಿನ್ನ ಪ್ರಶ್ನೆ. ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡುತ್ತೇನೆ. ಸಾಮಾನ್ಯವಾಗಿ ಡಬ್ಬಿ ಒಯ್ಯುತ್ತೇನೆ, ಮೊನ್ನೆ ಬುಧವಾರ ಮಾತ್ರ ಆಫೀಸಿನವರೆಲ್ಲ ಸೇರಿ ಆಲಿವ್ ಗಾರ್ಡನ್‌ಗೆ ಹೋಗಿದ್ದೆವು. ಇಟಾಲಿಯನ್ ಊಟದ ಹೋಟೆಲು. 1982ರಲ್ಲಿ ಫ್ಲೋರಿಡಾದ ಆರ್ಲಾಂಡೊದಲ್ಲಿ ಮೊದಲನೆಯದು ಶುರುವಾಗಿದ್ದು, ಈಗ ಅಮೆರಿಕದ ಉದ್ದಗಲಕ್ಕೂ ಇವೆ. ಯಾವ ಊರಿನದಕ್ಕೆ ಹೋದರೂ ಮೆನು ಹೆಚ್ಚು ಕಡಿಮೆ ಅದೇ, ರುಚಿಯೂ ಅದೇ. ನಮ್ಮ ದಾವಣಗೆರೆಯಲ್ಲಿ ಒಂದು ಹೋಟೆಲಿನ ಬೆಣ್ಣೆ ದೋಸೆ ಪಕ್ಕದ ಓಣಿಯಲ್ಲೂ ಸಿಗಲ್ಲ, ಯಾರದು ಚೆನ್ನಾಗಿದೆ ಅಂತ ಮನೆಮನೆಯಲ್ಲಿ ವಾದ ನಡೆಯುತ್ತೆ. ನನಗೆ ಅದೇ ಇಷ್ಟ. ಆದರೆ ಗೊತ್ತಿಲ್ಲದ ಊರಿನಲ್ಲಿ ಹಸಿವಾದಾಗ ಏನು ಸಿಗುತ್ತೆ ಅಂತ ಮೊದಲೇ ಗೊತ್ತಿರುವುದೂ ಒಂದು ಧೈರ್ಯ.

ಮಧ್ಯಾಹ್ನದ ಹೊತ್ತು ಸೂಪು, ಸಲಾಡ್, ಬ್ರೆಡ್‌ಸ್ಟಿಕ್ ಮೂರೂ ಸೇರಿ ಒಂದೇ ರೇಟು, ಎಷ್ಟು ಬೇಕಾದರೂ ತಂದು ಹಾಕುತ್ತಾರೆ. ಸೂಪುಗಳಲ್ಲಿ ನಮಗೆ ಆಗುವುದು ಮಿನೆಸ್ಟ್ರೋನೆ. ಟೊಮ್ಯಾಟೊ ರಸದಲ್ಲಿ ಹುರುಳಿಕಾಯಿ, ಕಾಳು, ತರಕಾರಿ, ಪುಟ್ಟ ಶಂಖದ ಆಕಾರದ ಪಾಸ್ತಾ. ಮಾಂಸ ಇಲ್ಲ. ಬ್ರೆಡ್‌ಸ್ಟಿಕ್ ಬಿಸಿಬಿಸಿ ಬರುತ್ತೆ, ಮೇಲೆ ಬೆಳ್ಳುಳ್ಳಿ ಉಪ್ಪು. ಸಲಾಡ್ ದೊಡ್ಡ ಬೋಗುಣಿಯಲ್ಲಿ ಎಲ್ಲರಿಗೂ ಸೇರಿಸಿ ಇಡುತ್ತಾರೆ. ಅದಕ್ಕೆ ಕಲಸುವ ರಸದಲ್ಲಿ (ಡ್ರೆಸ್ಸಿಂಗ್) ಮೊಟ್ಟೆ ಇರುತ್ತೆ ಅಮ್ಮ, ಹಾಗಾಗಿ ಆ ರಸ ಬೇಡ ಅಂತ ನಾನು ಮೊದಲೇ ಹೇಳುತ್ತೇನೆ, ಯಾರೂ ಮುಖ ಸಿಂಡರಿಸಲ್ಲ. ಸಲಾಡಿನಲ್ಲಿ ತಿಳಿಹಸಿರು ಬಣ್ಣದ ನೆನೆಹಾಕಿದ ಮೆಣಸಿನಕಾಯಿ ಇರುತ್ತೆ. ಹುಳಿ ಜಾಸ್ತಿ, ಖಾರ ಹೆಸರಿಗೆ ಮಾತ್ರ. ಮಂಡಕ್ಕಿ ಜೊತೆ ಮಿರ್ಚಿ ತಿಂದು ಬೆಳೆದವರಿಗೆ ಅದು ಯಾವ ಲೆಕ್ಕ!

ಅಪ್ಪ, ನಾನು ನಿಮಗೆ ಹೇಳಬೇಕಿರುವುದು ಬಡಿಸಿದ ಹೆಂಗಸಿನ ಬಗ್ಗೆ. ವಯಸ್ಸು ಅಮ್ಮನಷ್ಟೇ ಇರಬಹುದು. ಎಡಗೈ ಮೇಲೆ ತಟ್ಟೆ, ಅದರಲ್ಲಿ ಸೂಪಿನ ಬಟ್ಟಲುಗಳು, ಯಾರಿಗೆ ಯಾವುದು ಅಂತ ಒಮ್ಮೆಯೂ ಕೇಳದೆ ಮುಂದೆ ಇಟ್ಟುಬಿಟ್ಟರು. ಬಗಲಲ್ಲಿ ಚೀಸ್ ತುರಿಯುವ ಪುಟ್ಟ ಯಂತ್ರ. ಸಲಾಡಿನ ಮೇಲೆ ಹಿಡಿದು ಹಿಡಿಕೆ ತಿರುಗಿಸುತ್ತಾ ಹೋಗುತ್ತಾರೆ, ನೀವು ಸಾಕು ಅನ್ನುವವರೆಗೂ ನಿಲ್ಲಿಸಲ್ಲ. ಮೂರು ಟೇಬಲ್ ಆಚೆ ನಿಂತಿದ್ದರೂ ನಮ್ಮ ಬೋಗುಣಿಯ ತಳ ಕಂಡಿದ್ದು ಅವರಿಗೆ ಗೊತ್ತಾಯಿತು. ಗಿರಾಕಿ ಕೈ ಎತ್ತುವ ಮೊದಲೇ ನೀನು ಅಲ್ಲಿರಬೇಕು ಅಂತ ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದಿರಲ್ಲ, ಅದನ್ನು ಕಣ್ಣಾರೆ ಕಂಡೆ.

ಇಂಥ ಕೆಲಸಕ್ಕೆ ಇಲ್ಲಿ ಸಂಬಳದ ಲೆಕ್ಕವೇ ಬೇರೆ. ಟಿಪ್ಸ್ ಬರುವ ಕೆಲಸಕ್ಕೆ ಕೇಂದ್ರದ ಕಾನೂನಿನ ಪ್ರಕಾರ ಮಾಲೀಕರು ಗಂಟೆಗೆ ಕನಿಷ್ಠ 2.13 ಡಾಲರ್ ಕೊಟ್ಟರೆ ಸಾಕು, 1991ರಿಂದ ಆ ಮೊತ್ತ ಏರಿಲ್ಲ. ಎಷ್ಟೋ ರಾಜ್ಯಗಳು ತಮ್ಮಲ್ಲಿ ಜಾಸ್ತಿ ಮಾಡಿಕೊಂಡಿವೆ, ನಾನಿರುವ ಟೆಕ್ಸಾಸ್ ಮಾಡಿಲ್ಲ. ಟಿಪ್ಸ್ ಸೇರಿಸಿದರೂ ಉಳಿದ ಕೆಲಸಗಳ ಕನಿಷ್ಠ ಕೂಲಿಯಾದ ಗಂಟೆಗೆ 7.25 ಡಾಲರ್ ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು. ಅಂದರೆ ಆ ಹೆಂಗಸಿನ ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲ ಗಿರಾಕಿಗಳ ಮರ್ಜಿಯ ಮೇಲೆ ನಿಂತಿದೆ. ಬಿಲ್ಲಿನ ಮೇಲೆ ನೂರಕ್ಕೆ ಇಪ್ಪತ್ತು ಯಾಕೆ ಇಡುತ್ತೀಯ, ದುಡ್ಡು ಜಾಸ್ತಿಯಾಗಿದೆಯಾ ಅಂತ ನೀವು ಬೈದಿದ್ದಿರಿ. ಇದಕ್ಕೇ ಅಪ್ಪ. ಅದು ಭಕ್ಷೀಸಲ್ಲ, ಅವರ ಪಗಾರ. ವಾರದ ದಿನ ಅಗ್ಗದ ಊಟ ಮಾಡಿ ಹೋಗುವ ನಮ್ಮಂಥವರಿಗೆ ಬಡಿಸುವುದು ಇನ್ನೂ ಕಷ್ಟ. ಓಡಾಟ ಜಾಸ್ತಿ, ಬಿಲ್ಲು ಸಣ್ಣದು.

ತಮ್ಮ, ಇದು ನಿನಗೆ. ನಮ್ಮ ಹೋಟೆಲಿನಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ಹುಡುಗರು ಬೆಳಗಿನ ಜಾವದಿಂದ ನಿಂತೇ ಇರುತ್ತಾರೆ. ಮೊದಲು ದೋಸೆ ತಿಂದವರು ಚಿಲ್ಲರೆ ಬಿಟ್ಟು ಹೋಗುತ್ತಿದ್ದರು. ಈಗ ಎಲ್ಲರೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಸರಿಯಾಗಿ ಬಿಲ್ಲಿನಷ್ಟೇ ಕೊಡುತ್ತಾರೆ, ಪೂರ್ತಿ ಗಲ್ಲಾಕ್ಕೇ ಬರುತ್ತೆ. ಹುಡುಗರ ಕೈಗೆ ಬರುತ್ತಿದ್ದ ಆ ಸಣ್ಣ ದುಡ್ಡು ನಿಂತುಹೋಯಿತು, ಅದರ ಲೆಕ್ಕ ಯಾರೂ ಇಟ್ಟಿಲ್ಲ. ಟಿಪ್ಸ್ ಡಬ್ಬಿ ಇಡೋಣ ಅಂತ ನೀನು ಹೇಳಿದೆ. ಬೇಡ. ಇಲ್ಲಿ ನೋಡಿದ ಮೇಲೆ ನನಗೆ ಅದು ಸರಿ ಅನ್ನಿಸಲ್ಲ. ದಿನಗೂಲಿಯನ್ನೇ ಜಾಸ್ತಿ ಮಾಡು. ಅದಕ್ಕಾಗಿ ದೋಸೆಗೆ ಐದು ರೂಪಾಯಿ ಏರಿಸಿದರೆ ಯಾವ ಗಿರಾಕಿಯೂ ನಮ್ಮನ್ನು ಬಿಟ್ಟು ಹೋಗಲ್ಲ, ಬೆಣ್ಣೆ ಮಾತ್ರ ಕಡಿಮೆ ಮಾಡಬೇಡ.

ಅಪ್ಪ ಒಪ್ಪದಿದ್ದರೆ ಭಾನುವಾರ ಫೋನ್ ಹಚ್ಚು, ನಾನೇ ಮಾತಾಡುತ್ತೇನೆ. ಅಮ್ಮ, ಮಂಡಿನೋವಿನ ಮಾತ್ರೆ ತಪ್ಪಿಸಬೇಡ.

ನಿಮ್ಮ ಮಗಳು