ಕ್ಲಿನಿಕ್‌ನಲ್ಲಿ ಸಿಕ್ಕ ಅಕ್ಕನಿಗೆ ಥ್ಯಾಂಕ್ಸ್

ಡಲ್ಲಾಸ್‌ನ ಪ್ರಾಣಿಗಳ ಕ್ಲಿನಿಕ್‌ನಲ್ಲಿ ನಮ್ಮ ಕನ್ನಡ ಕೇಳಿ ತಿರುಗಿ ಮಾತಾಡಿಸಿದ ಅಕ್ಕ, ಹೆಸರು ಕೇಳುವಷ್ಟರಲ್ಲಿ ನಿಮ್ಮನ್ನು ಒಳಗೆ ಕರೆದುಬಿಟ್ಟರು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ದತ್ತು ತಂದ ಗಂಡು ಶುಗರ್ ಗ್ಲೈಡರ್‌ಗೆ (ಮರದಿಂದ ಮರಕ್ಕೆ ತೇಲಿ ಹೋಗುವ ಪುಟ್ಟ ಪ್ರಾಣಿ) ಮರಿ ಆಗದ ಹಾಗೆ ಆಪರೇಷನ್ ಆಗಿದೆಯೋ ಇಲ್ಲವೋ ಹಳೆಯ ಮನೆಯವರಿಗೇ ಗೊತ್ತಿರಲಿಲ್ಲ. ಕಾಗದವೂ ಇಲ್ಲ. ನೀವು ಮೊದಲು ನೆತ್ತಿ ನೋಡಿದಿರಿ. ಕಿವಿಗಳ ನಡುವೆ ಕೂದಲಿಲ್ಲದ ಬೋಳು ಜಾಗ, ಮುಟ್ಟಿದರೆ ಸ್ವಲ್ಪ ಜಿಡ್ಡು. ಅದು ವಾಸನೆಯ ಗ್ರಂಥಿ, ಬೆಳೆದ ಗಂಡಿಗೆ ಇರುತ್ತದೆ, ಆಪರೇಷನ್ ಆದರೆ ನಿಧಾನಕ್ಕೆ ಅಲ್ಲಿ ಕೂದಲು ತುಂಬಿಕೊಳ್ಳುತ್ತದೆ ಅಂದಿರಿ. ಹೊಟ್ಟೆಯ ಕೆಳಗೆ ನೇತಾಡುವ ರೋಮದ ಚೀಲ ಒಂದನ್ನೇ ನಂಬಬೇಡಿ, ಕೆಲವು ಡಾಕ್ಟರು ಬೀಜ ಮಾತ್ರ ತೆಗೆದು ಚೀಲ ಹಾಗೇ ಬಿಡುತ್ತಾರೆ, ಒಳಗೆ ಬೀಜ ಇದೆಯಾ ಅಂತ ಮುಟ್ಟಿ ನೋಡಲು ಹೇಳಿ ಅಂತಲೂ ಹೇಳಿದಿರಿ.

ಡಾಕ್ಟರು ನೋಡಿದರು. ಆಪರೇಷನ್ ಆಗಿರಲಿಲ್ಲ. ಮನೆಯಲ್ಲಿ ಹೆಣ್ಣೊಂದು ಇದೆ, ಇವುಗಳ ಗರ್ಭ ಸುಮಾರು 16 ದಿನ ಅಷ್ಟೇ ಅಲ್ವಾ! ಈಗ ಆಪರೇಷನ್ ಆಗಿದೆ, ಆದರೂ ಕೆಲವು ವಾರ ಮರಿ ಆಗುವ ಸಾಧ್ಯತೆ ಇರುತ್ತದೆ ಅಂತ ಇಬ್ಬರಿಗೂ ಬೇರೆ ಬೇರೆ ಪಂಜರ. ಇಷ್ಟು ತಾಳ್ಮೆಯಿಂದ ಹೇಳಿಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ.