ಜಾತಕದಿಂದ ಹುಟ್ಟಿದ ಸಂಗೀತ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಇಂಗ್ಲೆಂಡಿನ ಸಂಗೀತ ಸಂಯೋಜಕ ಗುಸ್ತಾವ್ ಹೋಲ್ಸ್ಟ್‌ನ ಆರ್ಕೆಸ್ಟ್ರಾ ಕೃತಿ 'ದಿ ಪ್ಲಾನೆಟ್ಸ್' ಕೇಳಿ ಬಾಹ್ಯಾಕಾಶಕ್ಕೆ ಹೋಗಿಬಂದ ಹಾಗಾಯ್ತು ಅಂತ ಬರೆದಿದ್ದೆಯಲ್ಲ, ತುಂಬಾ ಖುಷಿಯಾಯ್ತು. ಆದರೆ ಆ ಸಂಗೀತ ಹುಟ್ಟಿದ್ದು ಜಾತಕದಿಂದ ಕಣೋ. ಅದನ್ನು ನಿನಗೆ ಹೇಳದೆ ಇರೋಕಾಗಲ್ಲ.

1913ರಲ್ಲಿ ಹೋಲ್ಸ್ಟ್ ಗೆಳೆಯರ ಜೊತೆ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿದ್ದ. ಜೊತೆಗಿದ್ದ ಬರಹಗಾರ ಕ್ಲಿಫರ್ಡ್ ಬ್ಯಾಕ್ಸ್ ಅವನಿಗೆ ಜ್ಯೋತಿಷ್ಯದ ಹುಚ್ಚು ಹಿಡಿಸಿದ. ಆಮೇಲೆ ಹೋಲ್ಸ್ಟ್ ಅಲನ್ ಲಿಯೋ ಎಂಬ ಜ್ಯೋತಿಷಿಯ ಪುಸ್ತಕ ಓದಿದ, ಸ್ನೇಹಿತರ ಜಾತಕ ಬರೆದುಕೊಟ್ಟ. ಒಂದೊಂದು ಗ್ರಹಕ್ಕೂ ಒಂದೊಂದು ಸ್ವಭಾವ ಅಂತಾರಲ್ಲ, ಅವನು ಹಿಡಿದುಕೊಂಡದ್ದು ಅದನ್ನೇ. ಅದಕ್ಕೇ ಗ್ರಹಕ್ಕೊಂದರಂತಿರುವ ಏಳು ಭಾಗಗಳಲ್ಲಿ ಭೂಮಿ ಇಲ್ಲ. ಜಾತಕದಲ್ಲೂ ಭೂಮಿ ಇರಲ್ಲ, ಅಲ್ವಾ? ಪಾಶ್ಚಾತ್ಯರ ಜ್ಯೋತಿಷ್ಯದಲ್ಲಿ ರಾಹು ಕೇತುಗಳಿಗಿಂತ ಯುರೇನಸ್, ನೆಪ್ಚೂನ್‌ಗೇ ಜಾಸ್ತಿ ಬೆಲೆ. ಕರ್ನಾಟಕ ಸಂಗೀತದ ನಮ್ಮ ಮುತ್ತುಸ್ವಾಮಿ ದೀಕ್ಷಿತರ ನವಗ್ರಹ ಕೃತಿಗಳು ಸ್ತುತಿ. ಇವನು ಯಾರನ್ನೂ ಸ್ತುತಿಸಲಿಲ್ಲ, ಸ್ವಭಾವ ಬಿಡಿಸಿದ.

ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಅವನು ಸಂಗೀತದ ಮೇಷ್ಟ್ರು. ಪಾಠ ಮುಗಿದ ಮೇಲೆ, ರಜೆಯಲ್ಲಿ ಬರೆಯಬೇಕಿತ್ತು. ಬಲಗೈಯಲ್ಲಿ ನರದ ನೋವು ಬೇರೆ. ಜೊತೆಯ ಶಿಕ್ಷಕಿಯರಾದ ವ್ಯಾಲಿ ಲಾಸ್ಕರ್, ನೋರಾ ಡೇ ಸ್ವರಗಳನ್ನು ಬರೆದುಕೊಡುತ್ತಿದ್ದರು. ಇಷ್ಟು ದೊಡ್ಡ ಆರ್ಕೆಸ್ಟ್ರಾ ಸಂಗೀತ ಹೀಗೆ ಬಿಡುವಿನಲ್ಲಿ ಬೆಳೆದದ್ದು ನೆನೆದರೆ ನನಗೆ ಅವನ ಮೇಲಿನ ಗೌರವ ಇನ್ನೂ ಹೆಚ್ಚುತ್ತೆ.

ಮೊದಲು ಬರುವುದು ಮಂಗಳ, ಯುದ್ಧ ತರುವವನು. ಐದು ಎಣಿಕೆಯ ತಾಳ, ನಮ್ಮ ಖಂಡಚಾಪು ತಾಳದಲ್ಲೂ ಐದೇ. ಶುರುವಿನಲ್ಲಿ ಟಕಟಕ ಅನ್ನುತ್ತಲ್ಲ, ಅದು ಪಿಟೀಲಿನವರು ಕಮಾನಿನ ಕಡ್ಡಿಯಿಂದ ತಂತಿಗೆ ಹೊಡೆಯೋ ಸದ್ದು.

ನನಗೆ ಮಾತ್ರ ಶನಿಯೇ ಎಲ್ಲಕ್ಕಿಂತ ಹತ್ತಿರ. ಹೋಲ್ಸ್ಟ್‌ಗೂ ಅದೇ ಅಚ್ಚುಮೆಚ್ಚು. ಮುಪ್ಪು ತರುವವನು ಅಂತ ಹೆಸರು. ಎರಡೇ ಸ್ವರಗುಚ್ಛಗಳು ಅತ್ತಿತ್ತ ತೂಗುತ್ತವೆ, ಕೆಳಗೆ ಡಬಲ್ ಬೇಸ್ ಎಂಬ ದೊಡ್ಡ ಪಿಟೀಲಿನಂಥ ವಾದ್ಯದ ಸದ್ದು ನಿಧಾನವಾಗಿ ಏಳುತ್ತೆ. ನಡಿಗೆ ಭಾರವಾಗುತ್ತಾ ಹೋಗಿ, ಗಂಟೆಗಳು ಎದೆ ನಡುಗಿಸುವಂತೆ ಬಡಿದುಕೊಳ್ಳುತ್ತವೆ. ಆಮೇಲೆ ಎಲ್ಲ ತಣ್ಣಗಾಗುತ್ತೆ. ಸಾಡೇಸಾತಿ ಅಂದರೆ ಎಳ್ಳೆಣ್ಣೆ ದೀಪ ಹಚ್ಚಲು ಓಡುವವರು ನಾವು. ಇವನ ಶನಿಯೂ ಹೆದರಿಸುತ್ತಾನೆ, ಆದರೆ ಕೈ ಬಿಡೋದಿಲ್ಲ.

1918ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ, ಆಹ್ವಾನಿತರ ಮುಂದೆ ಇದನ್ನು ಮೊದಲು ನುಡಿಸಿದರು. ಏಡ್ರಿಯನ್ ಬೋಲ್ಟ್ ಆರ್ಕೆಸ್ಟ್ರಾ ನಡೆಸಿಕೊಟ್ಟ. ಖರ್ಚು ಗೆಳೆಯ ಬಾಲ್ಫರ್ ಗಾರ್ಡಿನರ್‌ನ ಉಡುಗೊರೆ. ಗುರುಗ್ರಹದ ಭಾಗ ಕೇಳಿ ಕಸ ಗುಡಿಸುವ ಹೆಂಗಸರು ಹಾಲ್‌ನ ಕಾರಿಡಾರ್‌ನಲ್ಲೇ ಕುಣಿದರು ಅಂತ ಹೋಲ್ಸ್ಟ್‌ನ ಮಗಳು ಇಮೋಜೆನ್ ಬರೆದಿದ್ದಾಳೆ.

ಈ ಸಲ ಶನಿಯಿಂದಲೇ ಶುರುಮಾಡು. ಹೆಡ್‌ಫೋನ್ ಹಾಕಿಕೋ, ಮೊಬೈಲ್ ಸ್ಪೀಕರ್‌ನಲ್ಲಿ ಆ ಡಬಲ್ ಬೇಸ್ ಸರಿಯಾಗಿ ಕೇಳಿಸೋಲ್ಲ. ಕೇಳಿದ ಮೇಲೆ ಬರಿ.

ಇಂತಿ,
ನಿನ್ನ ಗೆಳೆಯ