ಬಿರಡೆಯ ಗೂಡಿನಲ್ಲಿ ಜೀವ ಇರಲಿಲ್ಲ

ತೀರ್ಥಹಳ್ಳಿ
ಆಷಾಢ

ಪ್ರೀತಿಯ ತಂಗಿಗೆ,

ಜೀವಿಗಳೆಲ್ಲ ಕೋಶಗಳಿಂದಾದವು ಎಂಬ ಕೋಶ ಸಿದ್ಧಾಂತದ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಆದರೂ ಮೊದಲ ಸಾಲಿಗೇ ಕೆಂಪು ಗೆರೆ ಎಳೆದಿದ್ದೇನೆ: '1665ರಲ್ಲಿ ರಾಬರ್ಟ್ ಹುಕ್ ಜೀವಕೋಶವನ್ನು ಕಂಡುಹಿಡಿದ.' ಇಸವಿ ಸರಿ, ಹೆಸರೂ ಸರಿ. ಎಡವಟ್ಟಾಗಿರುವುದು 'ಜೀವ' ಎಂಬ ಎರಡಕ್ಷರದಲ್ಲಿ. ಇಂಗ್ಲೆಂಡಿನ ಆ ವಿಜ್ಞಾನಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ಬಾಟಲಿಯ ಬಿರಡೆಯನ್ನು, ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆಯನ್ನು. ಅದರಲ್ಲಿ ಕೋಶಗಳು ಸತ್ತು ಒಣಗಿ, ಒಳಗೆ ಗಾಳಿ ತುಂಬಿ, ಗೋಡೆಯಷ್ಟೇ ಉಳಿದಿರುತ್ತದೆ. ಹುಕ್ ಅದನ್ನು ಜೇನಿನ ಎರಿಗೆ ಹೋಲಿಸಿದ. ಬಿರಡೆ ಯಾಕೆ ಅಷ್ಟು ಹಗುರ, ಒತ್ತಿದರೆ ಕುಗ್ಗಿ ಮತ್ತೆ ಯಾಕೆ ಉಬ್ಬುತ್ತದೆ ಎಂಬುದಕ್ಕೆ ಕಾರಣ ಸಿಕ್ಕಿತಲ್ಲ ಎಂಬುದೇ ಅವನ ಸಂಭ್ರಮ. ಇಂಗ್ಲಿಷಿನವರಿಗೆ ಈ ಫಜೀತಿ ಇಲ್ಲ, ಅವರ 'ಸೆಲ್' ಎಂದರೆ ಬರೀ ಕೋಣೆ. ನಾವು ಜೀವಕೋಶ ಎಂದ ಕೂಡಲೇ ಸುಮಾರು ನೂರೆಪ್ಪತ್ತು ವರ್ಷ ಆಮೇಲಿನ ತೀರ್ಮಾನವನ್ನು ಹುಕ್‌ನ ಬಾಯಿಗೆ ತುರುಕಿದ ಹಾಗಾಗುತ್ತದೆ. ಲೇಖನದಲ್ಲಿ ಅವನ ಭಾಗ ಮುಗಿಯುವವರೆಗೆ ಕೋಣೆ ಅನ್ನು, ಗೂಡು ಅನ್ನು. 'ಜೀವಕೋಶ'ವನ್ನು ಅದರ ಸರದಿ ಬಂದಾಗ ಒಳಗೆ ಕರಿ.

ಅವನ ಲೆಕ್ಕವನ್ನು ಯಾಕೆ ಬಿಟ್ಟೆ? ಒಂದು ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಗೂಡು ಎಣಿಸಿದ. ಅಂದರೆ ಅಂಗುಲಕ್ಕೆ 1,080, ಚದರ ಅಂಗುಲಕ್ಕೆ 11,66,400, ಘನ ಅಂಗುಲಕ್ಕೆ 125 ಕೋಟಿ 97 ಲಕ್ಷ 12 ಸಾವಿರ. ಅಂಗುಲದ 25.4 ಮಿಲಿಮೀಟರನ್ನು 1,080ರಿಂದ ಭಾಗಿಸು, ಒಂದು ಗೂಡು ಸುಮಾರು 24 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 24 ಪಾಲು ಬರುತ್ತದೆ. ಮಿಲಿಮೀಟರಿನಲ್ಲಿ ನಲವತ್ತೆರಡು ಗೂಡು ಸಾಲಾಗಿ ಕೂರುತ್ತವೆ. 'ಕಣ್ಣಿಗೆ ಕಾಣದಷ್ಟು ಸೂಕ್ಷ್ಮ' ಎಂದು ನೀನು ಬರೆದ ಸಾಲಿಗಿಂತ ಇದು ಓದುಗನನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ.

ಮುಂದೆ ಬರೆಯುವ ಮೊದಲು ಒಂದು ಕೆಲಸ ಮಾಡು. ಕಾಲೇಜಿನ ಮೈಕ್ರೋಸ್ಕೋಪು ಸಾಕು. ಈಗ ಮಳೆಗಾಲ, ಪಾಗಾರದ ಜಂಬಿಟ್ಟಿಗೆಯ ಮೇಲೆ ಹಾವಸೆ ದಟ್ಟವಾಗಿರುತ್ತದೆ. ಸಣ್ಣ ಎಲೆ ಇರುವ ಜಾತಿಯದನ್ನು ಒಂದು ಎಳೆ ಕಿತ್ತು, ಮಣ್ಣು ಹೋಗುವಂತೆ ತೊಳೆದು, ಸೂಜಿಯಿಂದ ಒಂದೇ ಒಂದು ಎಲೆ ಬಿಡಿಸು. ಈ ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ, ಹಾಗಾಗಿ ಬ್ಲೇಡಿನಲ್ಲಿ ಹೆರೆಯುವ ಕಷ್ಟ ಇಲ್ಲ, ಬಣ್ಣವೂ ಬೇಡ. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಎಲೆ, ಮೇಲೆ ಕವರ್ ಸ್ಲಿಪ್. ಸ್ಲಿಪ್ಪನ್ನು ಮೊದಲು ಒಂದು ಅಂಚಿನಲ್ಲಿ ಊರಿ, ಸೂಜಿಯ ಆಸರೆಯಲ್ಲಿ ನಿಧಾನ ಮಲಗಿಸಬೇಕು. ದಡಕ್ಕನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ಅಚ್ಚುಕಟ್ಟಾದ ಉರುಟು ಏನಾದರೂ ಕಂಡರೆ ಅದೇ ಗುಳ್ಳೆ. ಹೊಸಬರು ಅದನ್ನೇ ಕೋಶ ಎಂದು ಚಿತ್ರ ಬರೆದುಕೊಂಡು ಬರುವುದುಂಟು. ನೀರು ಹೆಚ್ಚಾಗಿ ಸ್ಲಿಪ್ ತೇಲಿದರೆ ಅಂಚಿಗೆ ಕಾಗದದ ಚೂರು ತಾಗಿಸು, ಹೀರಿಕೊಳ್ಳುತ್ತದೆ. ಬೆಳಕು ಜಾಸ್ತಿಯಾದರೆ ಗೋಡೆಗಳು ಮಾಯ, ಬೆಳಕಿನ ಕಿಂಡಿಯ ಡಯಾಫ್ರಮ್ ಕಿರಿದು ಮಾಡು. 40 ಪಟ್ಟು ದೊಡ್ಡದು ಮಾಡುವ ಮಸೂರಕ್ಕೆ ಹೋದ ಮೇಲೆ ದೊಡ್ಡ ತಿರುಗಣೆ ಮುಟ್ಟಬೇಡ, ಸ್ಲೈಡೂ ಹೋದೀತು, ಮಸೂರವೂ ಹೋದೀತು. ಅಂದಹಾಗೆ, ನಮ್ಮ ಮಳೆಗೆ ಮಸೂರದ ಮೇಲೇ ಬೂಸ್ಟು ಬೆಳೆಯುತ್ತದೆ. ಕೆಲಸ ಮುಗಿದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಸೇರಿಸು.

ಅಳತೆಯನ್ನೂ ತೆಗೆ. 4ರ ಮಸೂರದ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು, ಕಾಣುವ ವೃತ್ತದ ಅಡ್ಡಗಲ ಎಷ್ಟು ಮಿಲಿಮೀಟರ್ ನೋಡು. 4.5 ಇದ್ದರೆ, 40ರ ಮಸೂರದಲ್ಲಿ ಅದು ಹತ್ತನೇ ಒಂದಾಗುತ್ತದೆ, 0.45. ಆ ಅಗಲದಲ್ಲಿ 15 ಕೋಶ ಕೂತರೆ ಒಂದೊಂದು 30 ಮೈಕ್ರಾನ್. ಹುಕ್ ಮಾಡಿದ್ದೂ ಇದೇ ಜಾತಿಯ ಲೆಕ್ಕ.

ಲೇವನ್‌ಹುಕ್‌ನಿಗೆ ನೀನು ಕೊಟ್ಟ ಎರಡು ಪುಟ ಹೆಚ್ಚಾಯಿತು. ಡೆಲ್ಫ್ಟ್ ಊರಿನ ಆ ಬಟ್ಟೆ ವ್ಯಾಪಾರಿ 1670ರ ದಶಕದಲ್ಲಿ ಒಂಟಿ ಮಸೂರದಿಂದ ನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡ, ನಿಜ. ಆದರೆ ಅವನ ಓಡಾಡುವ ಜೀವಿಗೂ ಹುಕ್‌ನ ಖಾಲಿ ಗೂಡಿಗೂ ನಂಟಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಆಮೇಲಿನ ಒಂದೂವರೆ ಶತಮಾನ ಕೆಲಸ ಕುಂಟಿದ್ದಕ್ಕೆ ಒಂದು ದೊಡ್ಡ ಕಾರಣ ಗಾಜು. ಎರಡು ಮಸೂರ ಜೋಡಿಸಿದ ಯಂತ್ರದಲ್ಲಿ ಪ್ರತಿಯೊಂದು ಗೆರೆಗೂ ಕಾಮನಬಿಲ್ಲಿನ ಅಂಚು ಬರುತ್ತಿತ್ತು. 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಬೇರೆ ಬೇರೆ ಗಾಜಿನ ಮಸೂರಗಳನ್ನು ಹೇಗೆ ಜೋಡಿಸಿದರೆ ಬಿಂಬ ಶುದ್ಧವಾಗುತ್ತದೆ ಎಂದು ತೋರಿಸಿಕೊಟ್ಟ. ನಿನ್ನ ಲೇಖನದಲ್ಲಿ ಅವನ ಹೆಸರೇ ಇಲ್ಲ.

1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್‌ನ ಸಿಪ್ಪೆಯ ಕೋಶಗಳಲ್ಲಿ ಒಂದೊಂದು ಉರುಟಾದ ಮಚ್ಚೆ ಇರುವುದನ್ನು ಗುರುತಿಸಿ ಅದಕ್ಕೆ ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ, ಎಂದು ಹೆಸರಿಟ್ಟ. ನಮ್ಮಲ್ಲಿ ಸೀತಾಳೆ ದಂಡೆ ಮುಡಿಯುವ ಊರುಗಳಿವೆ, ಅದೇ ಕುಟುಂಬದ ಗಿಡ ಎಂದು ಒಂದು ಮಾತು ಸೇರಿಸು. ಹಾವಸೆಯಲ್ಲಿ ಕೋಶಕೇಂದ್ರ ಹುಡುಕಬೇಡ, ಹಸಿರು ಕಣಗಳು ಮುಚ್ಚಿಬಿಡುತ್ತವೆ. ಅದಕ್ಕೆ ಈರುಳ್ಳಿಯ ಒಳಪೊರೆ, ತೆಳು ಚಹಾದ ಬಣ್ಣಕ್ಕೆ ಇಳಿಸಿದ ಅಯೋಡಿನ್ನಿನ ಒಂದು ಹನಿ.

ಈಗ ಮುಖ್ಯ ಜಾಗಕ್ಕೆ ಬರೋಣ. 1838ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಶ್ಲೈಡೆನ್ ಗಿಡಗಳೆಲ್ಲ ಕೋಶಗಳಿಂದಾದವು ಎಂದ, 1839ರಲ್ಲಿ ಶ್ವಾನ್ ಅದನ್ನು ಪ್ರಾಣಿಗಳಿಗೂ ವಿಸ್ತರಿಸಿದ. ನೀನು ಇಲ್ಲಿ ಚಪ್ಪಾಳೆ ತಟ್ಟಿ ಮುಂದೆ ಹೋಗಿದ್ದೀಯ. ಅಲ್ಲ ಮಾರಾಯ್ತಿ, ಹೊಸ ಕೋಶ ಹುಟ್ಟುವುದು ಹೇಗೆ ಎಂಬುದರಲ್ಲಿ ಇಬ್ಬರೂ ಪೂರ್ತಿ ತಪ್ಪಿದ್ದರು! ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟಿಕೊಳ್ಳುವಂತೆ, ದ್ರವದಲ್ಲಿ ಮೊದಲು ಕೋಶಕೇಂದ್ರ ಮೂಡಿ, ಅದರ ಸುತ್ತ ಕೋಶ ಕಟ್ಟಿಕೊಳ್ಳುತ್ತದೆ ಎಂಬುದು ಅವರ ವಾದ. ಶ್ಲೈಡೆನ್ ಹೀಗೆ ನಂಬಿದ್ದು ಪೆದ್ದುತನದಿಂದಲ್ಲ. ಅವನು ನೋಡುತ್ತಿದ್ದುದು ಬೀಜ ಕಟ್ಟುವ ಮೊದಲಿನ ಅಂಗಾಂಶವನ್ನು. ಅಲ್ಲಿ ಅನೇಕ ಗಿಡಗಳಲ್ಲಿ ಕೋಶಕೇಂದ್ರಗಳು ಮೊದಲು ದ್ರವದಲ್ಲಿ ಬಿಡಿಬಿಡಿಯಾಗಿ ಹೆಚ್ಚುತ್ತವೆ, ಗೋಡೆ ಕಟ್ಟುವುದು ಆಮೇಲೆ. ನಿನಗೆ ಗೊತ್ತಿರುವ ಉದಾಹರಣೆ ಎಳನೀರು. ಎಳೆಯ ಬೊಂಡದ ನೀರಿನಲ್ಲಿ ಗೋಡೆಯಿಲ್ಲದ ಕೋಶಕೇಂದ್ರಗಳಿರುತ್ತವೆ. ಕಾಯಿ ಬಲಿತಂತೆ ಚಿಪ್ಪಿನ ಒಳಮೈಗೆ ಗೋಡೆ ಕಟ್ಟುತ್ತಾ ಬಂದು ಗಂಜಿಯಾಗುತ್ತದೆ, ಆಮೇಲೆ ಕೊಬ್ಬರಿ. ಕಂಡದ್ದು ನಿಜ, ಆದರೆ ಆ ಕೋಶಕೇಂದ್ರಗಳೂ ಹಳೆಯದೊಂದು ಒಡೆದೇ ಹುಟ್ಟಿದವು ಎಂಬುದು ಅವನ ಕಣ್ಣು ತಪ್ಪಿತು. ಈ ಪ್ಯಾರಾ ಬರೆದರೆ ನಿನ್ನ ಲೇಖನಕ್ಕೆ ಬೆನ್ನುಮೂಳೆ ಬರುತ್ತದೆ.

ಅದನ್ನು ತಿದ್ದಿದವನು ರಾಬರ್ಟ್ ರೆಮಾಕ್. ಕೋಳಿಮರಿಯ ಭ್ರೂಣದ ರಕ್ತಕೋಶ, ಕಪ್ಪೆಯ ಮೊಟ್ಟೆ ಇವುಗಳಲ್ಲಿ ಕೋಶ ಒಡೆದು ಎರಡಾಗುವುದನ್ನು ಬೆನ್ನು ಹತ್ತಿ ನೋಡಿ, 1852ರ ಹೊತ್ತಿಗೆ ಕೋಶ ಹುಟ್ಟುವುದು ಕೋಶದಿಂದಲೇ ಎಂದ. ಯಹೂದಿ, ಮತ ಬದಲಿಸಲು ಒಪ್ಪದವನು, ಹಾಗಾಗಿ ಪ್ರಷ್ಯಾದಲ್ಲಿ ಪೂರ್ಣ ಪ್ರಾಧ್ಯಾಪಕನಾಗಲಿಲ್ಲ. 1855ರಲ್ಲಿ ವಿರ್ಷೊ ಅದೇ ಮಾತನ್ನು ಲ್ಯಾಟಿನ್ ಘೋಷಣೆಯಾಗಿ ಹೇಳಿದ, ರೆಮಾಕ್‌ಗೆ ಸಲ್ಲಬೇಕಾದ್ದು ಸಲ್ಲಲಿಲ್ಲ. ವಿರ್ಷೊ ದೊಡ್ಡ ವೈದ್ಯ, ರೋಗವನ್ನು ಕೋಶದ ಮಟ್ಟಕ್ಕೆ ಇಳಿಸಿ ನೋಡಿದವನು, ಅದನ್ನೂ ಬರಿ. ರೆಮಾಕ್‌ಗೆ ಆದ ಅನ್ಯಾಯವನ್ನೂ ಬರಿ.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಬಣ್ಣ ಹಾಕಿ ಕೋಶವಿಭಜನೆಯ ಹಂತಗಳನ್ನು ವಿವರಿಸಿದ್ದು ನಾಲ್ಕು ಸಾಲಿನಲ್ಲಿ ಮುಗಿಯಲಿ. ಉಳಿದ ಜಾಗವನ್ನು ಸಿದ್ಧಾಂತ ಒಗ್ಗದ ಕಡೆಗೆ ಕೊಡು, ಅದು ನಿನ್ನ ಅಡಿಕೆ ತೋಟದಲ್ಲೇ ಇದೆ. ಕೊಳೆರೋಗ ತರುವ ಫೈಟಾಪ್ತೊರ ಎಂಬ ಬೂಸ್ಟಿನಂಥ ಸೂಕ್ಷ್ಮಜೀವಿಯ ಎಳೆ ಒಂದು ಉದ್ದ ಕೊಳವೆ, ಅಡ್ಡಗೋಡೆ ಇಲ್ಲದೆ ನೂರಾರು ಕೋಶಕೇಂದ್ರಗಳು ಒಂದೇ ರಸದಲ್ಲಿರುತ್ತವೆ. ಇದನ್ನು ಒಂದು ಕೋಶ ಅನ್ನಬೇಕೋ ನೂರೋ? ಈ ಕುಲಕ್ಕೆ 1876ರಲ್ಲಿ ಹೆಸರಿಟ್ಟ ಜರ್ಮನ್ ವಿಜ್ಞಾನಿ ಡೆ ಬಾರಿಯೇ ಮೂರು ವರ್ಷದ ಮೇಲೆ, ಗಿಡ ಕೋಶಗಳನ್ನು ಮಾಡುತ್ತದೆಯೇ ಹೊರತು ಕೋಶಗಳು ಗಿಡವನ್ನಲ್ಲ ಎಂದು ತಕರಾರು ತೆಗೆದ. ಅದೇ ಕೊಳವೆ ಬೀಜಕ ಬಿಡುವಾಗ ಮಾತ್ರ ರಸವನ್ನು ಪಾಲು ಮಾಡಿ, ಒಂದೊಂದು ಕೋಶಕೇಂದ್ರದ ಈಜುವ ಬಿಡಿ ಕೋಶಗಳನ್ನು ಹೊರಗೆ ಕಳಿಸುತ್ತದೆ. ಅವಕ್ಕೆ ಗೋಡೆ ಇಲ್ಲ, ಕಾಯಿಯ ಮೇಲಿನ ತೆಳು ನೀರಿನಲ್ಲಿ ಈಜುತ್ತವೆ. ಮಳೆ ಹಿಡಿದರೆ ಕೊಳೆ ಹಬ್ಬುವುದು, ಅಡಿಕೆ ಗೊನೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು ಎನ್ನುವುದು ಇದಕ್ಕೇ.

ಕೊಳೆತು ಉದುರಿದ ಹೊಸ ಕಾಯಿಯ ಬಿಳಿ ಬೂಸ್ಟನ್ನು ಸೂಜಿಯಲ್ಲಿ ತೆಗೆದು ನೋಡು. ಹಳೆಯ ಕಾಯಿ ಬೇಡ, ಅದರಲ್ಲಿ ಶಿಲೀಂಧ್ರಗಳು ಸೇರಿರುತ್ತವೆ, ಮುದಿ ಎಳೆಯಲ್ಲಿ ಅಲ್ಲೊಂದು ಇಲ್ಲೊಂದು ಅಡ್ಡಗೋಡೆಯೂ ಬಂದಿರುತ್ತದೆ. ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬರೆದು, ಪಕ್ಕದಲ್ಲಿ ಅಳತೆ ಹಾಕಿ, ತಿದ್ದಿದ ಲೇಖನದ ಜೊತೆ ಕಳಿಸು.

ಇಂತಿ,
ನಿನ್ನ ಅಣ್ಣ